ಹೊಳಪಲ್ಲ, ಹೊಸಿಲು ನೋಡಿ

ಮೂರು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನ 1972ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ ಎರಡು ಪುಟ ಬರೆದಿದ್ದೆ. ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿರುವ ನಮ್ಮ ಮನೆಯ ಒಂಟಿ ಗ್ಯಾರೇಜಿನಲ್ಲಿ, ಆಸ್ಪತ್ರೆಯ ಪ್ರಯೋಗಾಲಯದ ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ, ಆರು ವರ್ಷ ಹಿಡಿದು ಅದನ್ನು ಬಿಚ್ಚಿ ಮತ್ತೆ ಕಟ್ಟಿದ ಕಥೆ ಅದು. ಬಂದ ಪತ್ರಗಳನ್ನು ಸಂಪಾದಕರು ಒಂದು ಕಟ್ಟು ಮಾಡಿ ಕಳಿಸಿದ್ದಾರೆ. ಅರ್ಧದಷ್ಟು ‘ಹೆಂಗಸಾಗಿ ನೀವು’ ಎಂದೇ ಶುರುವಾಗುತ್ತವೆ. ಅವನ್ನು ಪಕ್ಕಕ್ಕಿಟ್ಟು ಉಳಿದವಕ್ಕೆ ಉತ್ತರ ಬರೆಯುತ್ತಿದ್ದೇನೆ.

ಮಗ ಕೋವೆಂಟ್ರಿಯಲ್ಲಿ ಕೆಲಸಕ್ಕಿದ್ದಾನೆ. ಕನ್ನಡಿಯಂತೆ ಹೊಳೆಯುವ ಕೆಂಪು ಎಂಜಿಬಿಯೊಂದರ ಫೋಟೊ ಕಳಿಸಿ ‘ಕೊಳ್ಳಲೇನಪ್ಪಾ’ ಎಂದು ಕೇಳುತ್ತಿದ್ದಾನೆ. ಏನೇನು ನೋಡಬೇಕು? (ಒಬ್ಬ ತಂದೆ, ಹಾಸನ)

ಮೊದಲು ಆ ಫೋಟೊ ಅಳಿಸಿಹಾಕಲು ಹೇಳಿ. ನಮ್ಮ ಕಡೆ ‘ಮೇಲೆ ಬಸಪ್ಪ ಒಳಗೆ ವಿಷಪ್ಪ’ ಎನ್ನುತ್ತಾರಲ್ಲ, ಹಳೆಯ ಎಂಜಿಬಿಗಳಲ್ಲಿ ಅರ್ಧದಷ್ಟು ಆ ಜಾತಿಯವು. ಬಣ್ಣಕ್ಕೆ ಮರುಳಾಗಿ ಕೊಂಡವಳು ನಾನು, ಅನುಭವದಿಂದ ಹೇಳುತ್ತಿದ್ದೇನೆ.

ಕಾರಣ ಹೇಳುತ್ತೇನೆ. ಎಂಜಿಬಿಗಿಂತ ಮೊದಲು ಬಂದ ಎಂಜಿಎ ಕಾರಿಗೆ ಅಡಿಯಲ್ಲಿ ಬೇರೆಯೇ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಇತ್ತು. 1962ರಲ್ಲಿ ಎಂಜಿಬಿ ಬಂದಾಗ ಎಂಜಿ ಕಂಪನಿಯ ವಿನ್ಯಾಸಕಾರ ಸಿಡ್ ಎನೆವರ್ ಮತ್ತು ಅವರ ತಂಡ ಚಾಸಿಯನ್ನೇ ತೆಗೆದುಹಾಕಿ, ತಗಡಿನ ಒಡಲೇ ಭಾರ ಹೊರುವಂತೆ ಮಾಡಿದರು. ತೆರೆದ ಕಾರಿಗೆ ಮೇಲೆ ಛಾವಣಿಯೂ ಇಲ್ಲ. ಹಾಗಿದ್ದ ಮೇಲೆ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟುಕೊಳ್ಳುವುದು ಯಾವುದು? ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಹೊಸಿಲು. ಇಂಗ್ಲಿಷಿನಲ್ಲಿ ಅದನ್ನು ಸಿಲ್ ಎನ್ನುತ್ತಾರೆ, ಮನೆಯ ಬಾಗಿಲ ಕೆಳಗಿನದಕ್ಕೂ ಅದೇ ಹೆಸರು. ಮನೆಯ ಹೊಸಿಲು ತೆಗೆದರೆ ಗೋಡೆ ಬೀಳುವುದಿಲ್ಲ. ಈ ಕಾರಿನ ಹೊಸಿಲು ಹೋದರೆ ನಡು ಮುರಿದ ಎತ್ತಿನಂತೆ ಕಾರು ಮಧ್ಯಕ್ಕೆ ಕುಸಿಯುತ್ತದೆ.

ಹೊರಗೆ ಕಾಣುವುದು ಒಂದು ತಗಡು ಮಾತ್ರ. ಅದರ ಹಿಂದೆ ನಿಂತಿರುವ ನಡುತಗಡು, ಅದರಾಚೆ ಒಳಹೊಸಿಲು, ಕೆಳಗೆ ಕ್ಯಾಸಲ್ ರೈಲ್ ಎಂಬ ಪಟ್ಟಿ. ಕೋಟೆಯ ತೆನೆಯ ಹಾಗೆ ಮಡಿಸಿರುವುದರಿಂದ ಅದಕ್ಕೆ ಆ ಹೆಸರು. ನಾಲ್ಕೂ ಸೇರಿ ಒಂದು ಪೆಟ್ಟಿಗೆಯಾಗುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಮಂಜುಗಟ್ಟದಿರಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಪೆಟ್ಟಿಗೆಯೊಳಗೆ ಸೇರಿ, ಹೊರಬರುವ ದಾರಿ ಮಣ್ಣಿನಿಂದ ಮುಚ್ಚಿಹೋಗಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ತಗಡಿನಲ್ಲಿ ತೂತು ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನವು ಹಪ್ಪಳವಾಗಿರುತ್ತವೆ. ಆಗ ಕೆಲವರು ಮಾಡುವ ಪಾಪದ ಕೆಲಸವೆಂದರೆ, ಕೊಳೆತದ್ದನ್ನು ಹಾಗೆಯೇ ಬಿಟ್ಟು ಅದರ ಮೇಲೆ ಹೊಸ ತಗಡಿನ ಹೊದಿಕೆ ಹಾಕಿ, ಅಂಚಿಗೆ ಪುಟ್ಟಿ ಬಳಿದು, ಬಣ್ಣ ಹೊಡೆದು ಮಾರುವುದು.

ನಿಮ್ಮ ಮಗ ಹೋಗುವಾಗ ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಲಿ, ಅದಕ್ಕೆ ತೆಳು ಬಟ್ಟೆ ಸುತ್ತಿರಲಿ. ಹೊಸಿಲಿನ ಉದ್ದಕ್ಕೂ, ಬಾಗಿಲ ಹಿಂದಿನ ಕೆಳಮೂಲೆಯಲ್ಲೂ, ಮುಂದಿನ ಮಡ್‌ಗಾರ್ಡಿನ ಕೆಳತುದಿಯಲ್ಲೂ ಅದನ್ನು ಆಡಿಸಲಿ. ಎಲ್ಲಿ ಅಯಸ್ಕಾಂತ ಅಂಟುವುದಿಲ್ಲವೋ ಅಲ್ಲಿ ಪುಟ್ಟಿಯಿದೆ. ಆಮೇಲೆ ಬಾಗಿಲ ಸುತ್ತಲಿನ ಸಂದು ನೋಡಲಿ, ಮೇಲೆಯೂ ಕೆಳಗೆಯೂ ಒಂದೇ ಅಗಲ ಇರಬೇಕು. ಮಾಲೀಕರ ಒಪ್ಪಿಗೆ ಪಡೆದು, ಹೊಸಿಲಿನ ಕೆಳಗಿನ ಜಾಕ್ ಜಾಗದಲ್ಲಿ ಕಾರನ್ನು ಎತ್ತಿಸಲಿ. ಕರಕರ ಸದ್ದು ಬಂದರೆ, ಅಥವಾ ಎತ್ತಿದ ಮೇಲೆ ಬಾಗಿಲು ತೆಗೆಯಲು ಹಾಕಲು ಬಿಗಿಯಾದರೆ, ‘ಯೋಚಿಸಿ ಹೇಳುತ್ತೇನೆ’ ಎಂದು ಬಸ್ ಹತ್ತಲಿ. ‘ಎತ್ತಬೇಡಿ’ ಎಂದು ಮಾಲೀಕರೇ ಅಂದರೆ ಯೋಚಿಸುವ ತೊಂದರೆಯೂ ಇಲ್ಲ.

ಕ್ರೋಮ್ ಬಂಪರಿನದೋ ಕಪ್ಪು ರಬ್ಬರ್ ಬಂಪರಿನದೋ ಎಂಬ ಚರ್ಚೆ ಎಲ್ಲರೂ ಮಾಡುತ್ತಾರೆ. 1974ರ ಕೊನೆಯಿಂದ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ರಬ್ಬರ್ ಮೂತಿ ಬಂತು, ಕಾರಿನ ಎತ್ತರವೂ ಹೆಚ್ಚಿತು. ನೋಡಲು ಕ್ರೋಮ್ ಚೆಂದ, ನನಗೂ ಅದೇ ಇಷ್ಟ. ಆದರೆ ಗಟ್ಟಿ ಹೊಸಿಲಿನ ರಬ್ಬರ್ ಬಂಪರಿನ ಕಾರು ಸಿಕ್ಕರೆ, ಕೊಳೆತ ಹೊಸಿಲಿನ ಕ್ರೋಮ್ ಕಾರಿನತ್ತ ತಿರುಗಿಯೂ ನೋಡಬೇಡಿ.

ಬೆಸುಗೆಯನ್ನು ಮನೆಯಲ್ಲೇ ಕಲಿಯಬಹುದೇ? ನನ್ನ ಕಾರಿನ ಎಡಗಡೆ ಹೊಸಿಲು ಹೋಗಿದೆ. ವರ್ಕ್‌ಶಾಪಿನವರು ಹೇಳುವ ಮೊತ್ತ ಕೇಳಿ ತಲೆ ತಿರುಗಿತು. (ಸ್ವಿಂಡನ್‌ನಿಂದ ಒಬ್ಬರು)

ಕಲಿಯಬಹುದು. ಆದರೆ ಕಾರಿನ ಮೇಲೆ ಕಲಿಯಬೇಡಿ. ನಾನು ಹತ್ತು ವಾರ ಸಂಜೆ ತರಗತಿಗೆ ಹೋದೆ. ಹದಿನೆಂಟರ ಹುಡುಗರ ನಡುವೆ ನಲವತ್ತೊಂಬತ್ತರ ನಾನು. ಮೊದಲ ಮೂರು ವಾರ ನಾನು ಮಾಡಿದ್ದು ತಗಡಿಗೆ ತೂತು, ಅಷ್ಟೇ. ಈ ಕಾರಿನ ತಗಡು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ. ಅದಕ್ಕೆ ತಂತಿಯನ್ನೇ ಕರಗಿಸಿ ಬೆಸೆಯುವ ಮಿಗ್ ಯಂತ್ರ, 0.6 ಮಿಲಿಮೀಟರಿನ ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆಸಿದ ಅನಿಲ ಸಾಕು. ಉದ್ದನೆಯ ಗೆರೆ ಎಳೆದರೆ ತಗಡು ಕಾದು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು ಚುಕ್ಕೆ. ರಂಗೋಲಿಗೆ ಚುಕ್ಕಿ ಇಟ್ಟ ಕೈಗೆ ಇದು ಬೇಗ ಹತ್ತುತ್ತದೆ ಎಂದು ನಮ್ಮ ಮೇಷ್ಟರಿಗೆ ಹೇಳಿದ್ದೆ. ರಂಗೋಲಿ ಏನೆಂದು ವಿವರಿಸುವಷ್ಟರಲ್ಲಿ ತರಗತಿ ಮುಗಿದಿತ್ತು.

ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ (ಚುಕ್ಕೆ ಬೆಸುಗೆ) ಮಾಡಿದ್ದ ಕಡೆ, ಮೇಲಿನ ತಗಡಿಗೆ ಆರೇಳು ಮಿಲಿಮೀಟರಿನ ತೂತು ಕೊರೆದು, ಕೆಳತಗಡಿಗೆ ಸೇರುವಂತೆ ಆ ತೂತನ್ನು ಬೆಸುಗೆಯಿಂದ ತುಂಬಬೇಕು. ತುಂಬುವ ಮೊದಲು ಎರಡೂ ಮುಖ ಬೆಳ್ಳಗೆ ಹೊಳೆಯುವಷ್ಟು ಶುಚಿಯಾಗಿರಲಿ. ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ಇದನ್ನು ಹೋದ ಸಲ ಬರೆದಿರಲಿಲ್ಲ, ನಾಚಿಕೆಯಾಗಿತ್ತು. ನನ್ನದೂ ಎಡಗಡೆಯೇ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬಾಗಿಲು ಬಿಚ್ಚಿಟ್ಟು, ಉತ್ಸಾಹದಲ್ಲಿ ಹೊರಹೊಸಿಲು, ನಡುತಗಡು, ಒಳಹೊಸಿಲು ಮೂರನ್ನೂ ಒಂದೇ ಭಾನುವಾರ ಕತ್ತರಿಸಿ ತೆಗೆದೆ. ಗ್ಯಾರೇಜಿನ ನೆಲ ಒಂದು ಮೂಲೆಯಲ್ಲಿ ತಗ್ಗಾಗಿರುವುದು ನನಗೆ ಗೊತ್ತಿತ್ತು, ನೆನಪಾಗಲಿಲ್ಲ. ಎರಡು ತಿಂಗಳಲ್ಲಿ ಹೊಸ ತಗಡುಗಳನ್ನೆಲ್ಲ ಕೂರಿಸಿ, ಬೆಸೆದು, ಅರೆದು ನಯ ಮಾಡಿ, ಬಾಗಿಲು ತಂದು ನೇತುಹಾಕಿದರೆ ಮುಚ್ಚಿಕೊಳ್ಳಲಿಲ್ಲ. ಮೇಲೆ ಎರಡು ಮಿಲಿಮೀಟರ್ ಸಂದು, ಕೆಳಗೆ ಒಂಬತ್ತು. ನಾನು ಬೆಸೆಯುತ್ತಿದ್ದಾಗ ಕಾರು ಬಾಗಿತ್ತು, ಬಾಗಿದ ಹಾಗೆಯೇ ಅದನ್ನು ಶಾಶ್ವತ ಮಾಡಿಬಿಟ್ಟಿದ್ದೆ. ಪ್ರಯೋಗಾಲಯದಲ್ಲಿ ದಿನವಿಡೀ ಮೈಕ್ರೋಲೀಟರ್ ಅಳೆಯುವ ಕೈ ಇದು! ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ ಎಲ್ಲವನ್ನೂ ಕತ್ತರಿಸಿ ಮೊದಲಿನಿಂದ ಮಾಡಿದೆ, ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಆದ್ದರಿಂದ ನೀವು ಹೀಗೆ ಮಾಡಿ. ಸ್ಟ್ಯಾಂಡುಗಳನ್ನು ಸಸ್ಪೆನ್ಷನ್ ಭಾರ ಬೀಳುವ ಜಾಗದಲ್ಲೇ ಕೊಟ್ಟು, ಮಟ್ಟಗೋಲು ಇಟ್ಟು ನೋಡಿ. ಬಾಗಿಲ ಚೌಕದಲ್ಲಿ, ಕೀಲುಗಳಿರುವ ಕಂಬದಿಂದ ಚಿಲಕದ ಕಂಬಕ್ಕೆ, ಚೌಕ ಪೈಪಿನ ಅಡ್ಡಪಟ್ಟಿ ಬಿಗಿಯಿರಿ. ಒಂದು ಕಡೆಯ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆಗೆ ಕೈ ಹಾಕಬೇಡಿ. ಹೊಸ ತಗಡನ್ನು ಮೊದಲು ಕ್ಲ್ಯಾಂಪಿನಲ್ಲಿ ಹಿಡಿದು, ಬಾಗಿಲನ್ನೂ ಮುಂದಿನ ಮಡ್‌ಗಾರ್ಡನ್ನೂ ತೂಗುಹಾಕಿ ಸಂದು ನೋಡಿ, ಆಮೇಲೆ ಬೆಸುಗೆ. ಮುಂದಿನ ಮಡ್‌ಗಾರ್ಡು ಬೋಲ್ಟಿನದು, ತೆಗೆದು ಹಾಕುವುದು ಸುಲಭ. ಹಿಂದಿನದು ಬೆಸೆದದ್ದು. ಹೊಸಿಲಿನ ತುದಿ ಅದರ ಹಿಂದೆ ಸೇರಿರುವುದರಿಂದ ಅದರ ಕೆಳಭಾಗವನ್ನು ಕತ್ತರಿಸದೆ ವಿಧಿಯಿಲ್ಲ. ‘ಕತ್ತರಿಸದೆ ಮಾಡಿಕೊಡುತ್ತೇನೆ’ ಎನ್ನುವವರು ಹೊದಿಕೆ ಹಾಕುವವರು.

ಬ್ಯಾಟರಿ ಮತ್ತು ಆಲ್ಟರ್ನೇಟರ್ ಸಂಪರ್ಕ ಬಿಡಿಸಿ. ಪೆಟ್ರೋಲ್ ಟ್ಯಾಂಕನ್ನು ಗ್ಯಾರೇಜಿನಿಂದಲೇ ಹೊರಗಿಡಿ. ನೆಲದ ಕಾರ್ಪೆಟ್ಟು, ಹಳೆಯ ಟಾರು ಪದರ ಎರಡೂ ಹೊತ್ತಿಕೊಳ್ಳುತ್ತವೆ. ಬೆಸುಗೆ ನಿಲ್ಲಿಸಿದ ಮೇಲೂ ಒಂದು ಗಂಟೆ ಅಲ್ಲೇ ಕುಳಿತು ಕಾಫಿ ಕುಡಿಯಿರಿ. ಕೊನೆಯಲ್ಲಿ ಪೆಟ್ಟಿಗೆಯೊಳಕ್ಕೆ ಮೇಣ ಸಿಂಪಡಿಸಿ. ಕಾರ್ಖಾನೆಯವರು ಅಷ್ಟು ಮಾಡಿದ್ದರೆ ನಾವಿಬ್ಬರೂ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ತಗಡುಗಳಿಗೆ ಪರದಾಡಬೇಕಿಲ್ಲ. ಹಳೆಯ ಮೂಲ ಅಚ್ಚುಗಳನ್ನು ಹುಡುಕಿ ತೆಗೆದು, 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಎಂಜಿಬಿಯ ಇಡೀ ಒಡಲನ್ನೇ ಹೊಸದಾಗಿ ಒತ್ತಿ ಕೊಡುತ್ತಿದೆ. ಈಗ ಅದು ಇರುವುದು ವಿಟ್ನಿಯಲ್ಲಿ, ನಿಮಗೂ ನನಗೂ ದೂರವಲ್ಲ. ನಿಮ್ಮ ಕಾರಿನ ನೆಲ, ಹೊಸಿಲು, ಮಡ್‌ಗಾರ್ಡು ಎಲ್ಲವೂ ಹೋಗಿದ್ದರೆ ಒಂದೊಂದೇ ತೇಪೆ ಹಾಕುವುದಕ್ಕಿಂತ ಆ ಒಡಲೇ ಲಾಭವಾಗಬಹುದು. ಲೆಕ್ಕ ಹಾಕಿ ನೋಡಿ.

ನಮ್ಮ ತಂದೆ ಅಂಬಾಸಿಡರ್ ಓಡಿಸುತ್ತಿದ್ದರು. ನಿಮ್ಮ ಲೇಖನದ ಜೊತೆಗಿದ್ದ ಎಂಜಿನ್ ಚಿತ್ರ ನೋಡಿ ‘ಇದು ನಮ್ಮದೇ ಎಂಜಿನ್’ ಎಂದರು. ವಯಸ್ಸಾಗಿದೆ, ಮರೆವೋ ಏನೋ. (ತುಮಕೂರಿನಿಂದ ಒಬ್ಬರು)

ಮರೆವಲ್ಲ, ಅವರ ಕಣ್ಣು ಚೆನ್ನಾಗಿದೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ ಎಂಜಿನ್ ಕುಟುಂಬ ಅದು. ಅಂಬಾಸಿಡರಿನಲ್ಲಿ ಇದ್ದದ್ದು ಅದರ 1489 ಸಿಸಿಯದು, ಎಂಜಿಬಿಯಲ್ಲಿರುವುದು 1798 ಸಿಸಿಯದು. ಎಂಜಿಬಿಗೆ ಎರಡು ಎಸ್‌ಯು ಕಾರ್ಬ್ಯುರೇಟರ್, 1964ರ ಕೊನೆಯಿಂದ ಕ್ರ್ಯಾಂಕಿಗೆ ಮೂರರ ಬದಲು ಐದು ಬೇರಿಂಗ್. ಒಂದರ ಬಿಡಿಭಾಗ ಇನ್ನೊಂದಕ್ಕೆ ಎಲ್ಲವೂ ಹೊಂದುವುದಿಲ್ಲ. ಆದರೆ ಅಣ್ಣತಮ್ಮಂದಿರೇ.

ನನ್ನ ಅಪ್ಪ ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು, ಹೊಂದಿಸುವಾಗ ಲೆಕ್ಕ ಹೇಳಲು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ‘ಒಂಬತ್ತರ ಲೆಕ್ಕ’ ಎಂದು ಅದಕ್ಕೆ ಹೆಸರು. ಮುಂದಿನಿಂದ ಹಿಂದಕ್ಕೆ ಎಂಟು ವಾಲ್ವುಗಳು. ಎಂಟನೆಯದು ಪೂರ್ತಿ ಕೆಳಗಿಳಿದಾಗ ಒಂದನೆಯದನ್ನು ಹೊಂದಿಸಬೇಕು, ಏಳನೆಯದು ಇಳಿದಾಗ ಎರಡನೆಯದನ್ನು, ಆರಕ್ಕೆ ಮೂರು. ಕೂಡಿದರೆ ಯಾವಾಗಲೂ ಒಂಬತ್ತು. ಅವರು ಎಂಜಿನ್ ತಿರುಗಿಸಿ ‘ಆರು’ ಎಂದರೆ ನಾನು ‘ಮೂರು’ ಎನ್ನಬೇಕು. ಕಿಡಿ ಹಾರುವ ಕ್ರಮ ಒಂದು, ಮೂರು, ನಾಲ್ಕು, ಎರಡು. ಮಗ್ಗಿ ತಪ್ಪಿದರೂ ನನಗೆ ಅದು ತಪ್ಪುತ್ತಿರಲಿಲ್ಲ.

ಡಿಡ್‌ಕಾಟ್‌ನ ಗ್ಯಾರೇಜಿನಲ್ಲಿ ಮೊದಲ ಸಲ ಎಂಜಿಬಿಯ ಟ್ಯಾಪೆಟ್ ಕವರ್ ತೆಗೆದಾಗ ಕೈಪಿಡಿ ನೋಡಲೇ ಇಲ್ಲ. ಎಂಜಿನ್ ತಣ್ಣಗಿತ್ತು, ಸಂದು ಅಳೆಯುವ ಫೀಲರ್ ಗೇಜಿನ ಹದಿನೈದು ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಪಟ್ಟಿ ಕೈಯಲ್ಲಿತ್ತು, ಎಂಟನೆಯ ವಾಲ್ವು ಇಳಿಯಿತು. ‘ಒಂದು’ ಎಂದು ಜೋರಾಗಿಯೇ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡು ಆಗಲೇ ಹನ್ನೊಂದು ವರ್ಷ. ನಿಮ್ಮ ತಂದೆಯವರಿಗೆ ಒಂಬತ್ತರ ಲೆಕ್ಕ ಗೊತ್ತೇ ಎಂದು ಕೇಳಿ ನೋಡಿ, ಖಂಡಿತ ಗೊತ್ತಿರುತ್ತದೆ.

ಇಂಡಿಕೇಟರ್ ಹಾಕಿದಾಗಲೆಲ್ಲ ಮುಂದಿನ ಸಣ್ಣ ದೀಪವೂ ಮಿಣುಕುತ್ತದೆ. ‘ಲೂಕಾಸ್ ವೈರಿಂಗ್ ಅಲ್ಲವೇ, ಅನುಭವಿಸಿ’ ಎಂದು ನಗುತ್ತಾರೆ. (ರೆಡಿಂಗ್‌ನಿಂದ ಒಬ್ಬರು)

ಕಾರಿನ ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ ಲೂಕಾಸ್‌ಗೆ ‘ಕತ್ತಲೆಯ ರಾಜಕುಮಾರ’ ಎಂಬ ಅಡ್ಡಹೆಸರು ಇದೆ, ನಿಜ. ನನಗೆ ಆ ಹಾಸ್ಯ ಸಾಕಾಗಿದೆ. ಐವತ್ತು ವರ್ಷ ಮಳೆಯಲ್ಲಿ ನಿಂತ ಯಾವ ವೈರು ತಾನೇ ಹಾಡು ಹೇಳುತ್ತದೆ?

ನಿಮ್ಮದು ಅರ್ತ್ (ಅರ್ಥಿಂಗ್) ತೊಂದರೆ. ದೀಪದ ಗೂಡಿನಿಂದ ಕಾರಿನ ಒಡಲಿಗೆ ಹೋಗುವ ದಾರಿ ತುಕ್ಕಿನಿಂದ ಕೆಟ್ಟಿದೆ, ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಮನೆಗೆ ಹೋಗುವ ದಾರಿ ಹುಡುಕುತ್ತಿದೆ. ಒಂದು ಉದ್ದ ವೈರು ತೆಗೆದುಕೊಂಡು ದೀಪದ ಗೂಡಿನಿಂದ ಬ್ಯಾಟರಿಯ ಅರ್ತ್ ತುದಿಗೆ ಮುಟ್ಟಿಸಿ. ಮಿಣುಕು ನಿಂತರೆ ರೋಗ ಸಿಕ್ಕಿತು. ಸ್ಕ್ರೂ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಹಾಕಿ. ಗುಂಡಿನಾಕಾರದ ಕನೆಕ್ಟರುಗಳನ್ನೂ ಒಂದೊಂದಾಗಿ ಎಳೆದು ಶುಚಿ ಮಾಡಿ.

ಬಣ್ಣಗಳ ಭಾಷೆ ಕಲಿತುಬಿಟ್ಟರೆ ಲೂಕಾಸ್ ವೈರಿಂಗ್‌ನಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಕಂದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಕೀಲಿ ತಿರುಗಿಸಿದ ಮೇಲೆ ಬರುವುದು, ಹಸಿರು ಅದರ ನಂತರ ಫ್ಯೂಸ್ ದಾಟಿದ್ದು, ನೇರಳೆ ಕೀಲಿಯ ಹಂಗಿಲ್ಲದೆ ಫ್ಯೂಸ್ ದಾಟಿದ್ದು, ಕೆಂಪು ಸಣ್ಣ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ತ್. ಹಸಿರಿನ ಮೇಲೆ ಕೆಂಪು ಗೆರೆಯಿದ್ದರೆ ಎಡ ಇಂಡಿಕೇಟರ್, ಬಿಳಿ ಗೆರೆಯಿದ್ದರೆ ಬಲ. ಹಿಂದಿನ ಮಾಲೀಕರೊಬ್ಬರು ಎಲ್ಲಕ್ಕೂ ಒಂದೇ ಕೆಂಪು ವೈರು ಸೇರಿಸಿ ಹೋಗಿದ್ದರೆ ಮಾತ್ರ ದೇವರೇ ಗತಿ.

ನಿಮ್ಮ ಕಾರು 1967ಕ್ಕಿಂತ ಹಿಂದಿನದಾದರೆ ಒಂದು ಎಚ್ಚರಿಕೆ. ಅವುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಒಡಲಿಗೆ ಸೇರಿರುತ್ತಿತ್ತು. ಇಂದಿನ ರೇಡಿಯೊ ಒಂದನ್ನು ನೋಡದೆ ಸಿಕ್ಕಿಸಿದರೆ ಹೊಗೆ ಬರುತ್ತದೆ.

ಒಟ್ಟು ಎಷ್ಟು ಖರ್ಚಾಯಿತು? ಮನೆಯವರು ಏನೂ ಅನ್ನಲಿಲ್ಲವೇ? (ಮೈಸೂರು)

ಕಾರಿಗೆ 2,200 ಪೌಂಡ್. ಆಮೇಲಿನದನ್ನು 11,000 ಮುಟ್ಟುವವರೆಗೆ ಬರೆದಿಟ್ಟೆ, ಆಮೇಲೆ ಪುಸ್ತಕವನ್ನೇ ಮುಚ್ಚಿದೆ. ಅಷ್ಟು ಹಣಕ್ಕೆ ಬೇರೆ ಯಾರೋ ಚೆನ್ನಾಗಿ ಮಾಡಿಟ್ಟ ಎಂಜಿಬಿಯೇ ಸಿಗುತ್ತಿತ್ತು. ಲಾಭಕ್ಕಾಗಿ ಇದಕ್ಕೆ ಕೈ ಹಾಕುವವರು ಎಮ್ಮೆ ಸಾಕಲಿ. ಮನೆಯವರು ಒಂದೇ ಒಂದು ಸಲ ಗದರಿದರು. ಇಡ್ಲಿ ಪಾತ್ರೆಯಲ್ಲಿ ಕಾರ್ಬ್ಯುರೇಟರ್ ಕುದಿಸಿದ್ದೆ. ಅವರ ಕಡೆ ನ್ಯಾಯವಿತ್ತು.

ಇಂತಹ ಕಾರೊಂದನ್ನು ಬೆಂಗಳೂರಿಗೆ ತರಿಸಬಹುದೇ? (ಜಯನಗರದಿಂದ ಒಬ್ಬರು)

ಆಮದಿನ ನಿಯಮ ಮತ್ತು ಸುಂಕದ ಬಗ್ಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವನ್ನೂ ಕಸ್ಟಮ್ಸ್‌ನವರನ್ನೂ ಕೇಳದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ತಂದರೂ ದಿನಾ ಓಡಿಸುವ ಕನಸು ಬಿಡಿ. 2021ರ ನಿಯಮದಂತೆ, ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಕೊಡುತ್ತಾರೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಆ ಫಲಕ ಹಾಕಿಕೊಂಡು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲಿಗೆ ಹೋಗಬಹುದು, ತರಕಾರಿಗೆ ಹೋಗುವಂತಿಲ್ಲ.

ನನ್ನ ಸಲಹೆ ಬೇರೆ. ಟ್ರಯಂಫ್ ಹೆರಾಲ್ಡ್ ಎಂಬ ಬ್ರಿಟಿಷ್ ಕಾರನ್ನು 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದರು. ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಅದೇ ಹೆರಾಲ್ಡ್‌ನ ಚಾಸಿಯಿಂದ. ನಿಮ್ಮ ಬಡಾವಣೆಯ ಹಳೆಯ ಮನೆಯೊಂದರ ಶೆಡ್ಡಿನಲ್ಲೇ ಟಾರ್ಪಾಲಿನ ಕೆಳಗೆ ಒಂದು ಇದ್ದೀತು. ಅದಕ್ಕೆ ಬೇರೆ ಚಾಸಿ ಇರುವುದರಿಂದ ಹೊಸಿಲಿನ ಭಯವಿಲ್ಲ, ಮುಂಭಾಗ ಇಡಿಯಾಗಿ ಮುಂದಕ್ಕೆ ಬಾಗುವುದರಿಂದ ಎಂಜಿನ್ ಪಕ್ಕ ಟೈರಿನ ಮೇಲೆ ಕುಳಿತು ಕೆಲಸ ಮಾಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರಿಲ್ಲ.

ಇ10 ಪೆಟ್ರೋಲ್ ಹಾಕಬಹುದೇ? ವಾರ್ಷಿಕ ತಪಾಸಣೆ ಬೇಡವಂತೆ ಹೌದೇ? (ಲೆಸ್ಟರ್‌ನಿಂದ ಒಬ್ಬರು)

ನನ್ನ ಕಾರು ಮುಗಿದದ್ದು 2020ರಲ್ಲಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಇಲ್ಲಿ ಶೇ 10ರವರೆಗೆ ಎಥನಾಲ್ ಇರುವ ಪೆಟ್ರೋಲ್, ಅಂದರೆ ಇ10, ಸಾಮಾನ್ಯವಾಯಿತು. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಹಾಕಿದ್ದ ಪೈಪುಗಳನ್ನೆಲ್ಲ ತೆಗೆದು ಎಥನಾಲ್ ತಡೆಯುವಂತಹವನ್ನು ಹಾಕಿದೆ. ನಾನು ಸೂಪರ್ ದರ್ಜೆಯ ಇ5 ಹಾಕಿಸುತ್ತೇನೆ, ನೀವೂ ಅದನ್ನೇ ಹಾಕಿಸಿ. ಊರಿನಲ್ಲಿ ಹೆರಾಲ್ಡ್, ಅಂಬಾಸಿಡರ್ ಇಟ್ಟುಕೊಂಡವರು ಇ20 ಕಾಲದಲ್ಲಿ ಈ ಪೈಪುಗಳನ್ನು ಇವತ್ತೇ ನೋಡಿಕೊಳ್ಳಿ.

ತಪಾಸಣೆ ವಿಷಯ: ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರಿಗೆ 2018ರಿಂದ ಎಂಒಟಿ ಎಂಬ ಈ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅರ್ಜಿ ಹಾಕಿದರೆ ರಸ್ತೆ ತೆರಿಗೆಯೂ ಇಲ್ಲ. ಕಡ್ಡಾಯವಲ್ಲವೆಂದು ಸುಮ್ಮನಿರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಬ್ರೇಕ್ ಪೈಪನ್ನು ನಾನೇ ಬಿಗಿದದ್ದು. ಬೇರೆಯ ಕಣ್ಣೊಂದು ವರ್ಷಕ್ಕೊಮ್ಮೆ ಅದನ್ನು ನೋಡಲಿ. ಪ್ರತಿ ಏಪ್ರಿಲ್‌ನಲ್ಲಿ ಹಣ ಕೊಟ್ಟು ತೋರಿಸುತ್ತೇನೆ.

ಆಂಟಿ, ನಾನು ಎಂಟನೇ ತರಗತಿ. ಅಷ್ಟೊಂದು ನಟ್ಟು ಬೋಲ್ಟು ಯಾವುದು ಎಲ್ಲಿಯದೆಂದು ಹೇಗೆ ನೆನಪಿಟ್ಟುಕೊಂಡಿರಿ? (ಉಡುಪಿಯಿಂದ ಒಬ್ಬ ಹುಡುಗಿ)

ನೆನಪಿಟ್ಟುಕೊಳ್ಳಲಿಲ್ಲ ಮಗು, ಬರೆದಿಟ್ಟೆ. ಊರಿನಿಂದ ಚಟ್ನಿಪುಡಿ, ಉಪ್ಪಿನಕಾಯಿ ಬರುತ್ತಿದ್ದ ಪ್ಲಾಸ್ಟಿಕ್ ಡಬ್ಬಿಗಳು ನನ್ನ ಬಳಿ ನೂರಾರು ಇದ್ದವು. ಒಂದು ಭಾಗ ಬಿಚ್ಚಿದರೆ ಒಂದು ಡಬ್ಬಿ. ಮೇಲೊಂದು ಚೀಟಿ: ‘ಎಡ ಬಾಗಿಲು, ಮೇಲಿನ ಕೀಲು, ಮೂರು ಬೋಲ್ಟು, ಒಂದು ಉದ್ದ’. ಕನ್ನಡದಲ್ಲೇ ಬರೆದೆ. ಸಹಾಯಕ್ಕೆಂದು ಬರುವ ಪಕ್ಕದ ಮನೆಯವರು ಡಬ್ಬಿ ತೆಗೆದು ಬೇರೆಡೆ ಇಡದಿರಲೆಂಬುದೂ ಒಂದು ಕಾರಣ. ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಇನ್ನೊಂದು ಫೋಟೊ. ಅಳತೆಗಳೆಲ್ಲ ಇಂಚಿನವು, ನಮ್ಮ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ.

ಕಾರಿನ ಕೆಲಸ ಮುಗಿದು, ಅಬಿಂಗ್ಡನ್‌ವರೆಗೆ ಓಡಿಸಿಕೊಂಡು ಹೋಗಿಬಂದ ದಿನ, ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸುತ್ತಿದ್ದೆ. ಈ ಕಾರು 1972ರಲ್ಲಿ ಜೋಡಣೆಯಾದ ಊರು ಅದು. ಕಾರ್ಖಾನೆ 1980ರಲ್ಲಿ ಮುಚ್ಚಿತು, ನಮ್ಮ ಮನೆಯಿಂದ ಎಂಟು ಮೈಲಿಯೂ ಇಲ್ಲ. ತೊಳೆಯುವಾಗ ನೋಡಿದರೆ ಒಂದು ಡಬ್ಬಿ ಖಾಲಿಯಾಗಿರಲಿಲ್ಲ. ಚೀಟಿ ಬಿದ್ದುಹೋಗಿತ್ತು, ಒಳಗೆ ಮೂರು ಬೋಲ್ಟು. ಕಾಲಿಂಚಿನವು, ಒಂದರ ತಲೆಗೆ ನನ್ನ ಕಾರಿನದೇ ಟೀಲ್ ನೀಲಿ ಬಣ್ಣ ತಾಗಿದೆ. ಐದು ವರ್ಷದಿಂದ ಕಾರಿನ ಅಡಿಗೆ ಮಲಗಿದಾಗಲೆಲ್ಲ ಹುಡುಕುತ್ತಿದ್ದೇನೆ. ಇನ್ನೂ ಜಾಗ ಸಿಕ್ಕಿಲ್ಲ.